ನೀಲಿ ಬಿದ್ದ ಕುರಿಗಳು

ಗಂಡನ ಅಣ್ಣನ ಎದುರು ನಿಂತು ಮಾತಾಡುವ ರೂಢಿ ಮುತ್ತಮ್ಮನ ಮನೆತನದಲ್ಲಿ ಇರಲಿಲ್ಲ. ಹಾಗಂತ ಬಾಯಿ ಮುಚ್ಚಿಕೊಂಡಿರುವ ರೂಢಿ ಅವಳಿಗೂ ಇರಲಿಲ್ಲ. ಭಾವನಿಗೆ ಹೇಳಬೇಕಾದದ್ದನ್ನೆಲ್ಲ ಅವಳು ಕುರಿಗೆ ಹೇಳುತ್ತಿದ್ದಳು. ಭಾವ ಜಗಲಿಯ ಮೇಲೆ, ಕುರಿ ಅಂಗಳದಲ್ಲಿ. ಕುರಿಗೆ ಅರ್ಥವಾಗದಿದ್ದರೂ ಜಗಲಿಗೆ ಕೇಳಿಸದೆ ಇರುತ್ತಿರಲಿಲ್ಲ.

"ನೋಡ್ದಾ ಕೆಂದಿ," ಎಂದು ಅವಳು ಮುದಿ ಕುರಿಯ ಕಿವಿಯಿಂದ ಉಣ್ಣಿ ಕೀಳುತ್ತ ಶುರುಮಾಡುವಳು. "ಮೀಸೆ ನರೆತೈತೆ, ಪೆನ್ಸನ್ ಬತ್ತೈತೆ, ಕೂತ್ಕಂಡು ಊವಿಗೆ ಬಣ್ಣ ಬಳೀತಾವ್ರೆ. ನೀನಾದ್ರೂ ವರ್ಸಕ್ಕೊಂದು ಮರಿ ಆಕ್ತೀಯ. ಅವರ ಊವು ಕಾಯಾಯ್ತದಾ, ಅಣ್ಣಾಯ್ತದಾ?"

ಜಗಲಿಯ ಮೇಲಿನ ರಘುನಾಥ ತಲೆ ಎತ್ತುತ್ತಿರಲಿಲ್ಲ. ಮೆಟ್ಟೂರಿನ ಕರೆಂಟು ತಯಾರಿಸುವ ಥರ್ಮಲ್‌ನಲ್ಲಿ ಆಯುಸ್ಸೆಲ್ಲ ಶಿಫ್ಟು ಮಾಡಿ ರಿಟೈರಾದವನು ಅವನು. ಹೋದ ವರ್ಷ ಹೆಂಡತಿ ತೀರಿಕೊಂಡಳು, ಅದರ ಹಿಂದೆಯೇ ಬಿ.ಪಿ. ಏರಿತು. ಮನಸ್ಸು ತಣ್ಣಗಿಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದರು. ಸೇಲಂನಲ್ಲಿರುವ ಮಗಳು ಭವ್ಯಶ್ರೀ ದೊಡ್ಡವರು ಬಣ್ಣ ತುಂಬುವ ಪುಸ್ತಕವೊಂದನ್ನೂ ಬಣ್ಣದ ಪೆನ್ಸಿಲ್ಲುಗಳ ಉದ್ದನೆಯ ಡಬ್ಬಿಯೊಂದನ್ನೂ ತಂದು ಕೊಟ್ಟಳು. ಮೆಟ್ಟೂರಿನ ಕ್ವಾರ್ಟರ್ಸ್ ಬಿಟ್ಟುಕೊಟ್ಟು, ಆ ಪುಸ್ತಕ, ಆ ಡಬ್ಬಿ, ಮಾತ್ರೆಯ ಚೀಲ ಹಿಡಿದು ಅವನು ಮೊರಪ್ಪೂರಿನ ಹತ್ತಿರದ ಈ ಹಳ್ಳಿಗೆ, ಸತ್ತುಹೋದ ತಮ್ಮನ ಮನೆಗೆ ಬಂದಿಳಿದಿದ್ದ. ಮನೆ ಅವನಿಗೂ ಸೇರಿದ್ದೇ ಆದ್ದರಿಂದ ಬೇಡವೆನ್ನಲು ಮುತ್ತಮ್ಮನಿಗೆ ಬಾಯಿರಲಿಲ್ಲ.

ಬಂದಿದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ. ಬಂದವನು ಜ್ವರ ಬಂದವನ ಹಾಗೆ ಮಲಗಿದ್ದರೂ ಸಹಿಸುತ್ತಿದ್ದಳು, ಕುಡಿದು ಬಿದ್ದಿದ್ದರೂ ಬೈದುಕೊಂಡು ಅನ್ನ ಹಾಕುತ್ತಿದ್ದಳು. ಆದರೆ ಬಣ್ಣ ತುಂಬುವುದು! ಅದೂ ಗೆರೆ ಎಳೆದವರು ಇನ್ಯಾರೋ. ನವಿಲು, ತಾವರೆ, ಚಕ್ರದೊಳಗೆ ಚಕ್ರ, ಅದರೊಳಗೆ ಇರುವೆ ಕಣ್ಣಿನಷ್ಟು ಮನೆಗಳು, ಎಲ್ಲವನ್ನೂ ಯಾರೋ ಬರೆದು ಅಚ್ಚು ಹಾಕಿ ಮಾರಿದ್ದಾರೆ. ಇವನ ಕೆಲಸ ಗೆರೆ ದಾಟದ ಹಾಗೆ ಉಜ್ಜುವುದು. ಒಂದು ಗರಿಗೆ ಯಾವ ಬಣ್ಣವೆಂದು ನಿರ್ಧರಿಸಲು ಅವನಿಗೆ ಒಂದು ಇಡೀ ಬೆಳಗು ಬೇಕು. ಪೆನ್ಸಿಲ್ಲು ಹೆರೆದು, ಹೊಟ್ಟನ್ನು ಊದಿ, ಕನ್ನಡಕ ಒರೆಸಿಕೊಂಡು, ಎರಡು ಬಣ್ಣಗಳನ್ನು ಬಿಸಿಲಿಗೆ ಹಿಡಿದು ನೋಡುವನು. ಗೆರೆಯ ಆಚೆ ಕೂದಲೆಳೆಯಷ್ಟು ಹೋದರೆ ತ್ಸು ತ್ಸು ಎನ್ನುವನು. ಮಗನನ್ನು ಕಳೆದುಕೊಂಡವರೂ ಅಷ್ಟು ಪೇಚಾಡುವುದಿಲ್ಲ ಎಂದು ಮುತ್ತಮ್ಮನಿಗೆ ಹೇಸಿಗೆಯಾಗುತ್ತಿತ್ತು.

ಒಮ್ಮೆ ಅವಳ ಮಗ ಗೋವಿಂದರಾಜ್ ಮರ್ಯಾದೆಗೆಂದು ಜಗಲಿಯ ಮೇಲೆ ಕೂತು ಪುಸ್ತಕ ನೋಡಿದ. ರಘುನಾಥನಿಗೆ ಎಲ್ಲಿಲ್ಲದ ಹುರುಪು ಬಂತು.

"ಒಂದೇ ಒಂದು ರೂಲ್ಸ್ ಐತೆ ಕಣಪ್ಪ ಇದ್ರಲ್ಲಿ. ಪಕ್ಕಪಕ್ಕದ ಮನೆಗೆ ಒಂದೇ ಬಣ್ಣ ಬರಬಾರ್ದು. ಹಂಗ್ ಬಂದ್ರೆ ಕಣ್ಣಿಗೆ ಸಪ್ಪೆ. ಮಾರಿ ಮಾರಿ ಬರ್ಬೇಕು, ಒಂದಾದ್ ಮೇಲೆ ಇನ್ನೊಂದು, ಆಗ ನೋಡು, ಮನಸು ಎಷ್ಟು ಹಾಯಾಗಿರ್ತದೆ, ಎನ್ನಮಾ ಇರುಕ್ಕುಂ!" ಎಂದು ಕೊನೆಗೆ ತಮಿಳಿಗೇ ಜಾರಿದ.

"ಕೇಳ್ದಾ ಕೆಂದಿ?" ಎಂದಳು ಮುತ್ತಮ್ಮ ಅಂಗಳದಿಂದ. "ರೂಲ್ಸ್ ಅಂತೆ. ಕರೆಂಟ್ ಆಫೀಸ್ನಾಗೆ ಇದ್ನೇ ಮಾಡ್ತಿದ್ರೇನೋ. ಅದ್ಕೇ ಕರೆಂಟು ಓಗೋದು."

ಗೋವಿಂದರಾಜ್ ನಕ್ಕುಬಿಟ್ಟ. ರಘುನಾಥನೂ ಸ್ವಲ್ಪ ನಕ್ಕ, ಆಮೇಲೆ ಹಸಿರು ಪೆನ್ಸಿಲ್ಲು ಹೆರೆಯತೊಡಗಿದ.

ಬಣ್ಣ ಎಂದರೆ ಏನೆಂದು ಮುತ್ತಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರ ಊರಿನಲ್ಲಿ ಮೂರು ಮನೆಯವರ ಕುರಿಗಳು ಬೇಸಿಗೆಗೆ ಒಟ್ಟಾಗಿ ಏರ್ಕಾಡು ಬೆಟ್ಟದ ಬುಡದ ಕಡೆ ಮೇಯಲು ಹೊರಡುತ್ತವೆ. ಹೊರಡುವ ಮುಂಚೆ ಪ್ರತಿ ಮನೆಯವರೂ ತಮ್ಮ ಕುರಿಗಳ ಬೆನ್ನಿಗೆ ಅಂಗೈಯಗಲ ಬಣ್ಣ ಹಚ್ಚಬೇಕು. ಮುತ್ತಮ್ಮನ ಮನೆಯದು ಹಳದಿ, ತಿಮ್ಮರಾಜುವಿನದು ನೀಲಿ, ಹಿರಿಯ ಚಿನ್ನಸ್ವಾಮಿಯದು ಕೆಂಪು. ಆಮೇಲೆ ಒಂದು ಬೆಳಗ್ಗೆ ಎಲ್ಲವನ್ನೂ ಕೆರೆಯಂಗಳದಲ್ಲಿ ಬೆರೆಸಿ, ಊರಿನ ಎದುರು ಬಣ್ಣ ನೋಡಿ ಬೇರೆ ಮಾಡುತ್ತಾರೆ. ಬೆನ್ನ ಮೇಲೆ ಯಾರ ಬಣ್ಣವೋ ಅವತ್ತಿನಿಂದ ಕುರಿ ಅವರದು. ಮುಖ ನೋಡಿ ಗುರುತು ಹಿಡಿಯುತ್ತೇನೆ ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಆ ಮಾತಿನಿಂದಲೇ ಹಿಂದೆ ತಲೆಗಳು ಒಡೆದಿವೆ.

ಗಂಡ ಸತ್ತ ಮೇಲೆ ಹಳದಿ ಹಚ್ಚುವವಳು ಮುತ್ತಮ್ಮನೇ. ಆದರೆ ಈ ಸಲ ಅದೇ ದಿನ ಮೆಟ್ಟೂರಿನಲ್ಲಿ ತಂಗಿಯ ಮಗಳಿಗೆ ಬಳೆ ತೊಡಿಸುವ ಶಾಸ್ತ್ರ ಬಂತು. ಗೋವಿಂದರಾಜ್‌ಗೆ ಕುರಿ ಹಿಡಿದು ನಿಲ್ಲಿಸುವ ಕೆಲಸವಿದೆ, ಹಚ್ಚಲು ಇನ್ನೊಬ್ಬರು ಬೇಕು. ಹಿಂದಿನ ಸಂಜೆ ಅವಳು ಕೆಂದಿಯ ಮುಂದೆ ನಿಂತು ಜಗಲಿಗೆ ಕೇಳುವ ಹಾಗೆ ಹೇಳಿದಳು:

"ನಾಳೆ ನಾನಿರಾಕಿಲ್ಲ. ಪೆನ್ಸಲ್ ಇಡಿಯೋ ಕೈ ಒಂದಿನ ಬ್ರಸ್ಸು ಇಡೀಲಿ. ಬಳಿಯೋದೇನು ಮಾ ಇದ್ಯೆಯಾ? ಕೈ ಇರೋ ಯಾರ್ ಬೇಕಾದ್ರೂ ಬಳೀತಾರೆ."

ಮೂರು ತಿಂಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ರಘುನಾಥನಿಗೆ ಒಂದು ಕೆಲಸ ಸಿಕ್ಕಿತ್ತು. ಅವನು ಆಗಲೇ ಎದ್ದು ಮೊರಪ್ಪೂರಿನ ಬಸ್ಸು ಹಿಡಿದು ಬ್ರಷ್ಷು, ಬಣ್ಣ ತರಲು ಹೋದ. ಮನೆಯಲ್ಲಿ ಅರ್ಧ ಡಬ್ಬಿ ಹಳದಿ ಇದೆಯೆಂದು ಹೇಳುವಷ್ಟು ಲಕ್ಷ್ಯವೂ ಅವಳಿಗೆ ಅವನ ಮೇಲಿರಲಿಲ್ಲ.

ಮರುದಿನ ಅವಳು ಮೆಟ್ಟೂರಿನ ಬಸ್ಸಿನಲ್ಲಿದ್ದಾಗ ಗೋವಿಂದರಾಜ್ ಫೋನ್ ಮಾಡಿದ.

"ಅಮ್ಮಾ, ದೊಡ್ಡಪ್ಪ ಬಣ್ಣದ ಇಸ್ಯ ಒಂದು ಕೇಳ್ತಾವ್ರೆ..."

"ಆವಯ್ಯನ ಬಣ್ಣದ ಸುದ್ದಿ ನನ್ಗೇಳಬ್ಯಾಡ. ನಂಗದೇ ಕೆಲ್ಸವಾ? ಅದೇನ್ ಬಳೀತಾರೋ ಬಳೀಲಿ ಬುಡು!"

ಫೋನ್ ಇಟ್ಟುಬಿಟ್ಟಳು. ಪಕ್ಕದ ಸೀಟಿನ ಹೆಂಗಸಿಗೆ ಮನೆಯಲ್ಲಿರುವ ಈ ಅವತಾರದ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳುತ್ತ ಮೆಟ್ಟೂರು ಮುಟ್ಟಿದ್ದೇ ಗೊತ್ತಾಗಲಿಲ್ಲ. ಗೋವಿಂದರಾಜ್ ಒಳ್ಳೆಯ ಹುಡುಗ. ಅವನ ದೋಷವೆಂದರೆ ಒಂದು ಸಲ ಗದರಿಸಿದರೆ ಎರಡನೇ ಸಲ ಕೇಳುವುದಿಲ್ಲ, ಅಮ್ಮ ಅಂದದ್ದನ್ನು ಅಂದ ಹಾಗೆಯೇ ನಡೆಸಿಬಿಡುತ್ತಾನೆ.

ಅವಳು ತಿರುಗಿ ಬರುವ ಹೊತ್ತಿಗೆ ಕುರಿಗಳು ಕೆರೆಯಂಗಳ ಸೇರಿದ್ದವು. ಬೆಳಗ್ಗೆ ಅವಳು ಸೀರೆ ಎತ್ತಿ ಕಟ್ಟಿಕೊಂಡು ಅಲ್ಲಿಗೆ ಹೋದಾಗ ಬಣ್ಣ ನೋಡುವುದು ಅರ್ಧ ಮುಗಿದಿತ್ತು. ಕೆಂಪು ಒಂದು ಕಡೆ, ಹಳದಿ ಒಂದು ಕಡೆ, ನೀಲಿ ಒಂದು ಕಡೆ. ನೀಲಿಯ ಗುಂಪು ಯಾಕೋ ಬಹಳ ದೊಡ್ಡದಾಗಿ ಕಂಡಿತು. ಅದರ ಮುಂದೆಯೇ ನಿಂತು ಮೆಲುಕು ಹಾಕುತ್ತಿತ್ತು ಕೆಂದಿ, ಬೆನ್ನ ಮೇಲೆ ಅಚ್ಚುಕಟ್ಟಾದ ನೀಲಿ ಚೌಕ ಹೊತ್ತುಕೊಂಡು.

ಮುತ್ತಮ್ಮ ನೀಲಿಯ ಗುಂಪಿನೊಳಗೆ ನುಗ್ಗಿದಳು. ನೋಡುತ್ತ ಹೋದಂತೆ ಇನ್ನೊಂದು ತನ್ನ ಕುರಿ, ಮತ್ತೊಂದು, ಹೋದ ಮಳೆಗಾಲದಲ್ಲಿ ತಾನೇ ಹಾಲು ಕುಡಿಸಿ ಉಳಿಸಿದ ಜೋಡಿ ಮರಿಗಳು. ಅವಳ ಮಂದೆಯಲ್ಲಿ ಮೂರಕ್ಕೊಂದು ನೀಲಿ. ಒಂದರಲ್ಲೂ ಬಣ್ಣ ಸೋರಿರಲಿಲ್ಲ, ಅಂಚು ಕೆಟ್ಟಿರಲಿಲ್ಲ. ಅವಳು ಜನ್ಮದಲ್ಲಿ ಅಷ್ಟು ಚಂದವಾಗಿ ಹಚ್ಚಿರಲಿಲ್ಲ. ಅದನ್ನು ಕಂಡು ಅವಳ ಹೊಟ್ಟೆಯುರಿ ಇನ್ನೂ ಹೆಚ್ಚಾಯಿತು.

ರಘುನಾಥ ಬಿಳಿ ಅಂಗಿ ತೊಟ್ಟು, ಮದುವೆ ಮನೆಗೆ ಬಂದವನ ಹಾಗೆ ನಿಂತಿದ್ದ. ಚಿನ್ನಸ್ವಾಮಿ ಅವನನ್ನು ಕೇಳಿದ:

"ಏನಪ್ಪಾ ರಘುನಾಥ, ಇದೆಲ್ಲಾ ನಿಮ್ಮನೆ ಕುರಿ ಅಲ್ವಾ? ನೀಲಿ ಯಾಕಾಕ್ದೆ?"

"ಎಲ್ಲಾ ಹಳದೀನೇ ಆದ್ರೆ ಚಂದಾಗಿರಲ್ಲ ಅಂತ... ಎರಡು ಹಳದಿ, ಒಂದು ನೀಲಿ, ಮಾರಿ ಮಾರಿ..." ಎಂದ ಅವನು. ಅವನು ಊರು ಬಿಟ್ಟು ಹೋದಾಗ ತಿಮ್ಮರಾಜುವಿನ ಮನೆಯವರಿಗೆ ಕುರಿಯೇ ಇರಲಿಲ್ಲ, ನೀಲಿ ಯಾರದೂ ಆಗಿರಲಿಲ್ಲ.

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಿಮ್ಮರಾಜು ಮಾತ್ರ ನಗಲಿಲ್ಲ.

"ಅಕ್ಕಾ," ಎಂದ ಅವನು ಮುತ್ತಮ್ಮನಿಗೆ. "ಓದ್ ವರ್ಸ ನನ್ ಎರಡು ಮರಿ ನಿನ್ ದೊಡ್ಡೀಗೆ ನುಗ್ಗಿದ್ವು. ನೀನು ಕಾಣ್ದೆ ಹಳದಿ ಅಚ್ದೆ. ನನ್ ಮರಿ ಅಂತ ಕೈ ಮುಗುದ್ರೆ ಏನಂದೆ ಇದೇ ಜಾಗದಾಗೆ? ಬಣ್ಣ ಬಿದ್ ಮ್ಯಾಲೆ ಬಿತ್ತು ಅಂದೆ. ಇವತ್ತೂ ಬಿದ್ದೈತೆ. ಏನ್ ಮಾಡಣ ಏಳು."

ಅವಳು ಹಾಗೆ ಅಂದದ್ದು ನಿಜ, ಸೊಂಟದ ಮೇಲೆ ಕೈ ಇಟ್ಟುಕೊಂಡೇ ಅಂದಿದ್ದಳು. ಕೊನೆಗೆ ಚಿನ್ನಸ್ವಾಮಿಗೇ ಕನಿಕರವಾಯಿತು. ಮಂದೆಯ ಕಟ್ಟಳೆಯಲ್ಲಿ ಒಂದು ಸಂದು ಉಂಟು: ಎಳೆ ಕೂಸೋ ತಲೆ ಕೆಟ್ಟವರೋ ಹಚ್ಚಿದ ಬಣ್ಣ ಲೆಕ್ಕಕ್ಕೆ ಬರುವುದಿಲ್ಲ.

"ಮುತ್ತಮ್ಮಾ, ಆವಯ್ಯಂಗೆ ಪೈತ್ಯ ಇಡಿದೈತಾ ಎಂಗೆ? ಮನೆಯೋರು ನೀವೇ ಊರ್ ಮುಂದೆ ಒಂದು ಮಾತ್ ಏಳ್ಬೇಕು. ಏಳುದ್ರೆ ಕುರಿ ನಿಮ್ದು, ಇಲ್ದಿದ್ರೆ ತಿಮ್ಮರಾಜುಂದು."

ಹೇಳಲು ಅವಳಿಗೆ ಕಷ್ಟವೇ ಆಗಲಿಲ್ಲ. ಮೂರು ತಿಂಗಳಿಂದ ಬಾಯಿಪಾಠವಾಗಿದ್ದ ಮಾತು.

"ಪೈತ್ಯವೇ ಮಾವ. ಎಂಡ್ತಿ ಸತ್ತಾಗ್ಲಿಂದ ತಲೆ ನೆಟ್ಟಗಿಲ್ಲ. ದಿನಾ ಬೆಳಗಾದ್ರೆ ಕೂಸು ಆಡ್ದಂಗೆ ಬಣ್ಣದ ಕಡ್ಡಿ ಇಡ್ಕಂಡು ಕೂತ್ಕತಾರೆ, ಊರೇ ನೋಡೈತೆ. ಆ ಕೈ ಬಣ್ಣಕ್ಕೆ ಏನ್ ಬೆಲೆ?"

ಆಗಲಿ ಎಂದು ಊರು ತಲೆಯಾಡಿಸಿತು. ನೀಲಿ ಬಿದ್ದ ಕುರಿಗಳು ಹಳದಿಯ ಕಡೆ ಬಂದವು. ತಿಮ್ಮರಾಜು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ರಘುನಾಥ ತನ್ನ ಉಗುರ ಸಂದಿನ ನೀಲಿಯನ್ನು ನೋಡಿಕೊಳ್ಳುತ್ತ ನಿಂತಿದ್ದ.

ಮಂದೆ ಹೊರಡಲು ಇನ್ನೂ ಕೆಲವು ದಿನವಿತ್ತು. ಆ ದಿನಗಳಲ್ಲಿ ಊರು ಏನು ಮಾಡಿತೆಂದರೆ, ಮುತ್ತಮ್ಮನ ಮಾತನ್ನು ನಂಬಿಬಿಟ್ಟಿತು. ಟೀ ಅಂಗಡಿಯವನು ರಘುನಾಥನ ಟೀಯನ್ನು ಎರಡು ಲೋಟಕ್ಕೆ ಸುರಿದು ಆರಿಸಿ, "ಊದ್ಕಂಡ್ ಕುಡಿ, ಏನಾ?" ಎಂದು ಕೊಟ್ಟ. ಎದುರು ಮನೆಯ ಮುನಿಲಕ್ಷ್ಮಿ ತನ್ನ ಮೊಮ್ಮಗ ಕಚ್ಚಿ ಬಿಸಾಡಿದ ಬಣ್ಣದ ಕಡ್ಡಿಗಳನ್ನು ಸೆರಗಿನಲ್ಲಿ ತಂದು ಅವನ ಮುಂದೆ ಸುರಿದು, "ಇಟ್ಕೋ, ಆಡ್ಕೋ" ಎಂದು ಕಿವುಡರಿಗೆ ಹೇಳುವ ಹಾಗೆ ಕೂಗಿ ಹೇಳಿದಳು. ಯಾರೋ ಕೈ ಹಿಡಿದು ಬಸ್ಸಿನ ರಸ್ತೆ ದಾಟಿಸಿದರು. ಮೊನ್ನೆಯವರೆಗೆ ಸಾರ್ ಎಂದು ಪೆನ್ಷನ್ ಕಾಗದ ಓದಿಸಿಕೊಳ್ಳಲು ಬರುತ್ತಿದ್ದವರು ಈಗ ಅವನನ್ನು ದಾಟಿಕೊಂಡು ಒಳಗೆ ಬಂದು, "ಎಂಗವ್ನೆ ಈಗ?" ಎಂದು ಮುತ್ತಮ್ಮನನ್ನು ಕೇಳಿದರು. ಗೋವಿಂದರಾಜ್ ಕೂಡ ಹೊರಗೆ ಹೋಗುವಾಗ ಬೇಲಿಯ ತಡಿಕೆ ಕಟ್ಟಿ, "ದೊಡ್ಡಪ್ಪ, ಆಚೆ ಓಗ್ಬೇಡಿ, ಇಲ್ಲೇ ಇರಿ" ಎಂದು ಮೆತ್ತಗೆ ಹೇಳಿ ಹೋಗುತ್ತಿದ್ದ.

ರಘುನಾಥ ಪುಸ್ತಕ ತೆರೆಯುವುದನ್ನು ಬಿಟ್ಟ. ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಜಗಲಿಯ ಮೇಲೆ ಕೂತಿರುವನು. ಕೊಟ್ಟರೆ ಉಣ್ಣುವನು, ಕೂಗಿದರೆ ತಿರುಗುವನು. ಎಲ್ಲರೂ ಹೇಳಿದ ಹಾಗೆ ಕೇಳುವುದರಲ್ಲಿ ಅವನು ಪೈತ್ಯದವನಿಗಿಂತ ಸಲೀಸಾಗಿದ್ದ.

ಮುತ್ತಮ್ಮ ಗೆದ್ದಿದ್ದಳು. ಬಣ್ಣ ಬಳಿಯುವ ದರಿದ್ರ ಮನೆಯಿಂದ ತೊಲಗಿತ್ತು, ಕುರಿ ಉಳಿದಿತ್ತು. ಬೆಳಗ್ಗೆ ಕೆಂದಿಯ ಮುಂದೆ ಕೂತು ಬಾಯಿ ತೆರೆದಳು. ಏನೂ ಬರಲಿಲ್ಲ. ಬೈಯಲು ಒಬ್ಬ ಗಂಡಸು ಬೇಕಲ್ಲ. ಜಗಲಿಯ ಮೇಲೆ ಅಂಥವನು ಇರಲಿಲ್ಲ. ಅವಳು ಇಷ್ಟು ದಿನ ಆಡಿಕೊಂಡದ್ದು ಬುದ್ಧಿಯಿರುವ, ಥರ್ಮಲ್ ನಡೆಸಿದ, ಕೆಲಸ ಬಿಟ್ಟು ಹೂವಿಗೆ ಬಣ್ಣ ತುಂಬುವ ದೊಡ್ಡ ಮನುಷ್ಯನನ್ನು. ಊರು ಈಗ ಆಡಿಕೊಳ್ಳುತ್ತಿದ್ದದ್ದು ಯಾವುದೋ ಕೂಸನ್ನು. ತನ್ನ ತಾತ್ಸಾರಕ್ಕೂ ಊರಿನ ತಾತ್ಸಾರಕ್ಕೂ ಅಜಗಜಾಂತರವಿದೆ ಎನಿಸಿತು ಅವಳಿಗೆ. ಅವಳದರಲ್ಲಿ ಖಾರವಿತ್ತು. ಊರಿನದು ಬರೀ ಬೆಲ್ಲ, ನೊಣ ಮುತ್ತಿದ ಬೆಲ್ಲ. ಆ ಬೆಲ್ಲವನ್ನು ಕಂಡರೆ ಅವಳಿಗೆ ಹೇಸಿಗೆಯಾಗುತ್ತಿತ್ತು, ಅದನ್ನು ಹಂಚಿದವಳು ತಾನೇ ಎನ್ನುವುದೂ ಮರೆಯುತ್ತಿರಲಿಲ್ಲ.

ಮಂದೆ ಹೊರಡುವ ಹಿಂದಿನ ದಿನ ತಿಮ್ಮರಾಜು ಕೆರೆಯ ಕಡೆಗೆ ಹೋಗುತ್ತಿದ್ದವನು ಜಗಲಿಯ ಹತ್ತಿರ ನಿಂತ. ಜೊತೆಗೆ ಇನ್ನಿಬ್ಬರಿದ್ದರು. ಅವನು ರಘುನಾಥನ ಗಲ್ಲ ಹಿಡಿದು ಅಲ್ಲಾಡಿಸಿದ.

"ಏನ್ ಕಣಯ್ಯಾ, ಇವತ್ತು ಬಣ್ಣ ಇಲ್ವಾ? ಬಾ ನಮ್ಮನೇಗೆ, ನಮ್ ನಾಯಿ ಬೋಳಾಗೈತೆ, ಅದ್ಕೂ ಒಂದೀಟು ಬಳ್ದುಬುಡು."

ಆ ಇಬ್ಬರು ನಕ್ಕರು. ರಘುನಾಥನೂ ನಕ್ಕ. ತಾನು ಏನೆಂದು ಊರು ಹೇಳಿತ್ತೋ ಅದನ್ನು ಒಪ್ಪಿಕೊಂಡವನ ನಗು ಅದು, ಹಲ್ಲು ಮಾತ್ರ ಕಾಣುವಂಥದು.

ಒಳಗಿನಿಂದ ನೋಡುತ್ತಿದ್ದ ಮುತ್ತಮ್ಮ ಹೊಸಿಲು ದಾಟಿ ಬಂದವಳೇ ಭಾವನ ಎದುರಿಗೆ, ಮುಖಕ್ಕೆ ಮುಖ ಕೊಟ್ಟು ನಿಂತಳು.

"ನಗ್ತೀರಾ? ನಾಚ್ಕೆ ಆಗಾಕಿಲ್ವಾ ನಿಮ್ಗೆ? ಗಲ್ಲ ಇಡ್ದು ಅಲ್ಲಾಡಿಸ್ತಾವ್ನೆ, ನಗ್ತೀರಲ್ಲ! ಕುರಿ ಕಾಯೋ ಕುಲ್ದಾಗೆ ಉಟ್ಟಿ ಕುರೀಗೆ ಬಣ್ಣ ಅಚ್ಚಾಕೆ ಬರ್ದೆ ಓಯ್ತಲ್ಲ ನಿಮ್ಗೆ! ಚಂದ ಅಂತೆ ಚಂದ! ನೀಲಿ ಯಾರ್ದು ಅಂತ ಒಂದು ಮಾತು ಕೇಳಿದ್ರೆ ನಿಮ್ ಬಾಯಿ ಸವ್ದೋಯ್ತಿತ್ತಾ?"

ರಘುನಾಥ ಕಣ್ಣು ಮಿಟುಕಿಸಿದ. ಇಷ್ಟು ದಿನದಲ್ಲಿ ಯಾರೂ ಅವನನ್ನು ಹೀಗೆ ಏನನ್ನೂ ಕೇಳಿರಲಿಲ್ಲ. ನಗು ನಿಧಾನವಾಗಿ ಇಳಿಯಿತು.

"ಕೇಳಿದ್ನಲ್ಲಮ್ಮಾ," ಎಂದ.

"ಯಾರ್ನ?"

"ನಿನ್ನೇ. ನೀಲಿ ತಂದೀನಿ, ಆಕ್ಬೋದಾ ಕೇಳಪ್ಪಾ ನಿಮ್ಮಮ್ಮನ್ನ ಅಂದೆ ಗೋವಿಂದರಾಜಂಗೆ. ಅವ್ನು ನನ್ ಮುಂದೇನೇ ಫೋನ್ ಮಾಡ್ದ. ಏನಾರ ಬಳೀಲಿ ಬುಡು ಅಂದೋರು ಯಾರು?" ಅವನು ಎದ್ದು ನಿಂತಿದ್ದ. ಅವನ ದನಿ ಏರಿತ್ತು, ಬಿ.ಪಿ.ಯೂ ಏರಿತ್ತೇನೋ. "ನಾನು ಪೈತ್ಯ ಕಣಮ್ಮ, ಸರಿ. ನೀನು? ಒಂದು ಮಾತು ಪೂರ್ತಿ ಕೇಳಾಕೆ ಪುರ್ಸೊತ್ತಿಲ್ದೋಳು, ನಿಂಗೇನ್ ಇಡಿದೈತೆ?"

ಮುತ್ತಮ್ಮನಿಗೆ ಆ ಫೋನ್ ನೆನಪಾಯಿತು. ಬಸ್ಸಿನಲ್ಲಿ ಅವಳು ಕೊನೆಯವರೆಗೆ ಕೇಳದೆ ಇಟ್ಟ ಮಾತು ಅದೇ ಆಗಿತ್ತು. ಕುರಿ ನೀಲಿಯಾದದ್ದು ಅವನ ಕೈಯಿಂದಲ್ಲ, ತನ್ನ ಬಾಯಿಯಿಂದ. ಪೈತ್ಯ ಎನಿಸಿಕೊಂಡವನು ಮಾತ್ರ ಅವನು. ಆ ಬೆಳಗ್ಗೆ ಕೆರೆಯಂಗಳದಲ್ಲಿ ಇದೇ ಮಾತನ್ನು ಹೇಳಿ ಅವನು ತಪ್ಪಿಸಿಕೊಳ್ಳಬಹುದಿತ್ತು. ಹೇಳಿದ್ದರೆ ಕುರಿ ಹೋಗುತ್ತಿದ್ದವು. ಹೇಳಿರಲಿಲ್ಲ.

ತಿಮ್ಮರಾಜು ಕಿವಿ ನಿಮಿರಿಸಿಕೊಂಡು ನಿಂತಿದ್ದ.

"ಅಕ್ಕಾ," ಎಂದ ನಿಧಾನವಾಗಿ, "ಪೈತ್ಯದೋರು ಇಷ್ಟು ಸರ್ಯಾಗಿ ನ್ಯಾಯ ಕೇಳ್ತಾರಾ?"

ಒಂದು ಮಾತು ಸಾಕಿತ್ತು. ಇವತ್ತು ಜಾಸ್ತಿಯಾಗಿದೆ, ಬಿಡು ತಿಮ್ಮರಾಜು, ಮಾತ್ರೆ ಕೊಡಬೇಕು ಎಂದರೆ ಮುಗಿದಿತ್ತು. ರಘುನಾಥನಿಗೂ ಅದು ತಟ್ಟನೆ ಹೊಳೆಯಿತು. ಅವನು ಜಗಲಿಯ ಮೇಲೆ ಕೂತು ಮತ್ತೆ ಆ ಹಲ್ಲಿನ ನಗು ನಗಲು ನೋಡಿದ. ಮುತ್ತಮ್ಮನಿಗೆ ಅದು ಅರ್ಥವಾಯಿತು. ಅವಳಿಗೆ ಅಸಹ್ಯವಾಯಿತು, ಅವನ ಮೇಲಲ್ಲ.

"ಏಳಿ ಮ್ಯಾಕೆ," ಎಂದು ಅವಳು ಭಾವನಿಗೆ ಗದರಿದಳು. ಆಮೇಲೆ ತಿಮ್ಮರಾಜುವಿನ ಕಡೆ ತಿರುಗಿದಳು. "ಪೈತ್ಯವೂ ಇಲ್ಲ ಗೀತ್ಯವೂ ಇಲ್ಲ. ಅವರ ತಲೆ ನಿಂದ್ಕಿಂತ ನೆಟ್ಟಗೈತೆ. ಸುಳ್ಳೇಳಿದ್ದು ನಾನು. ಗಲ್ಲ ಇಡಿದ್ಯಲ್ಲ, ಮೊದ್ಲು ಅದ್ಕೆ ಕ್ಷಮೆ ಕೇಳು, ಆಮೇಲೆ ದೊಡ್ಡೀಗೆ ಬಾ. ನೀಲಿ ಬಿದ್ದಿರೋವನ್ನ ಒಡ್ಕಂಡ್ ಓಗು."

ತಿಮ್ಮರಾಜುವಿಗೆ ಮೊದಲು ನಂಬಿಕೆ ಬರಲಿಲ್ಲ. ಅವಳು ತಡಿಕೆ ಬಿಚ್ಚಿದಾಗ ಬಂತು. "ತಪ್ಪಾಯ್ತು ಅಣ್ಣ" ಎಂದು ರಘುನಾಥನಿಗೆ ಕೈ ಮುಗಿದ. ಆಮೇಲೆ ಚಿನ್ನಸ್ವಾಮಿಯನ್ನು ಕರೆಸಿ, ಅವನ ಎದುರಿಗೇ ನೀಲಿ ಬಿದ್ದ ಕುರಿಗಳನ್ನು ಒಂದೊಂದಾಗಿ ಆಚೆ ಬಿಟ್ಟ. ಮುತ್ತಮ್ಮ ಬಾಗಿಲ ಕಂಬ ಹಿಡಿದುಕೊಂಡು ನೋಡಿದಳು. ಜೋಡಿ ಮರಿಗಳು ಹೋದವು. ಕೆಂದಿ ಹೋಯಿತು. ಅಳಬಾರದೆಂದುಕೊಂಡರೂ ಅತ್ತಳು, ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಧೂಳು ಇಳಿದ ಮೇಲೆ ರಘುನಾಥ ಅವಳಿಂದ ಸ್ವಲ್ಪ ದೂರದಲ್ಲಿ ಬಂದು ನಿಂತ.

"ಎಂಗೋ ನಡೀತಿತ್ತಲ್ಲಮ್ಮಾ. ನಾನು ಪೈತ್ಯ ಅಂತ್ಲೇ ಇದ್ದಿದ್ರೆ ಕುರಿ ಉಳೀತಿದ್ವು."

"ಉಳೀತಿದ್ವು," ಎಂದಳು ಮುತ್ತಮ್ಮ, ಅವನ ಮುಖವನ್ನೇ ನೋಡುತ್ತ. "ಆಮೇಲೆ ನಾನು ಯಾರ್ನ ಬೈಕಂಡು ಬದುಕ್ಲಿ?"